ಉಮಾ: ಮರಳಲ್ಲಿ ಈಜುವ ಓತಿ

ಉತ್ತರ ಅಮೆರಿಕದ ನೈಋತ್ಯ ಮರುಭೂಮಿಗಳಲ್ಲಿ, ಗಾಳಿಯು ತಂದೊಟ್ಟಿದ ನುಣ್ಮರಳ ದಿಬ್ಬಗಳನ್ನೇ ನೆಲೆಯಾಗಿಸಿಕೊಂಡು, ಮೂತಿಯಿಂದ ಬಾಲದ ಬುಡದವರೆಗೆ ಹೆಚ್ಚೆಂದರೆ ಸುಮಾರು 12 ಸೆಂಟಿಮೀಟರ್ ಬೆಳೆಯುವ ಈ ಓತಿಗಳ ಕುಲಕ್ಕೆ, ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರಜ್ಞ ಸ್ಪೆನ್ಸರ್ ಬೇರ್ಡ್ 'ಉಮಾ' ಎಂದು ನಾಮಕರಣ ಮಾಡಿದನು. ಕೇಳಿದೊಡನೆ ನಮಗೆ ಗಿರಿಜೆಯ ಸ್ಮರಣೆಯಾದರೂ ಅದು ನಾಮಸಾಮ್ಯ ಮಾತ್ರ.

ದೇಹರಚನೆ
ಬೆರಳುಗಳ ಅಂಚಿನಲ್ಲಿ ಸೆರಗಿನ ಕುಚ್ಚಿನಂತೆ ಚಾಚಿಕೊಂಡಿರುವ ಚೂಪಾದ ಹುರುಪೆಗಳು ಜಾರುವ ಮರಳಿನ ಮೇಲೆ ಓಡುವಾಗ ಕಾಲು ಹೂಳದಂತೆ ತಡೆಯುವುವು. ಶತ್ರುವು ಬೆನ್ನಟ್ಟಿದಾಗ ಮರಳೊಳಕ್ಕೆ ಧುಮುಕಿ ಈಜುವಂತೆ ಮರೆಯಾಗುವ ಈ ಪ್ರಾಣಿಗೆ, ಮೇಲ್ದವಡೆಯೊಳಗೆ ಅಡಗಿ ಕೂರುವ ಕೆಳದವಡೆ, ಮುಚ್ಚಿಕೊಳ್ಳಬಲ್ಲ ನಾಸಾರಂಧ್ರ, ಕಿವಿಗೆ ಮರೆಯಾದ ಹುರುಪೆ, ಬಿಗಿಯಾಗಿ ಹೊಂದಿಕೊಳ್ಳುವ ರೆಪ್ಪೆ, ಇವೆಲ್ಲವೂ ಕಣವೊಂದೂ ಒಳನುಸುಳದಂತೆ ಪ್ರಕೃತಿಯು ಇಟ್ಟ ಕದಗಳಾಗಿವೆ. ಕೀಟಗಳೊಂದಿಗೆ ಹೂವು, ಎಲೆಗಳೂ ಇದರ ಆಹಾರ.

ಪ್ರಭೇದಗಳು
ಉಮಾ ನೊಟಾಟ: ಕೊಲೊರಾಡೊ ಮರುಭೂಮಿ
ಉಮಾ ಸ್ಕೊಪೇರಿಯ: ಮೊಹಾವಿ ಮರುಭೂಮಿ
ಉಮಾ ಇನಾರ್ನೇಟ: ಕ್ಯಾಲಿಫೋರ್ನಿಯದ ಕೊಚೆಲ್ಲ ಕಣಿವೆ
ಉಮಾ ರೂಫೊಪಂಕ್ಟೇಟ: ಅರಿಜೋನ, ಸೊನೋರ
ಉಮಾ ಎಕ್ಸಲ್, ಉಮಾ ಪ್ಯಾರಫೈಗಸ್: ಮೆಕ್ಸಿಕೊದ ಚಿವಾವ ಮರುಭೂಮಿ

ಸಂರಕ್ಷಣೆ
ಬೆಟ್ಟಗಳಿಂದ ನೆರೆಯು ಕೊಚ್ಚಿ ತಂದ ಮರಳನ್ನು ಗಾಳಿಯು ಮುಂದೊಯ್ದು ಹರಡಿದರೆ ಮಾತ್ರ ದಿಬ್ಬಗಳು ಉಳಿಯುವುವು. ಕಟ್ಟಡ, ರಸ್ತೆ, ಮರಸಾಲುಗಳು ಆ ಹರಿವಿಗೆ ಅಡ್ಡವಾದುದರಿಂದ ಕೊಚೆಲ್ಲದ ಪ್ರಭೇದವು ಕ್ಷೀಣಿಸಿ, 1980ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನಿನ ರಕ್ಷಣೆಯನ್ನು ಪಡೆಯಿತು. ಓತಿಯನ್ನು ಉಳಿಸಬೇಕಾದರೆ, ಮೊದಲು ಮರಳಿನ ಹಾದಿಯನ್ನು ತೆರೆದಿಡಬೇಕು.