ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೋತ್ತರ ವ್ಯಾಯಾಮ: ಮಹಾಮಾರಿಯ ಕಾಲದಲ್ಲಿ

ಅತಿಸ್ಥೌಲ್ಯದ ಪರಿಹಾರಕ್ಕಾಗಿ ಜಠರವನ್ನು ಕಿರಿದುಗೊಳಿಸುವ ಅಥವಾ ಅನ್ನಮಾರ್ಗದ ಗತಿಯನ್ನೇ ಬದಲಿಸುವ ಶಸ್ತ್ರಕ್ರಿಯೆಗೆ ಒಳಗಾದವರು ಅನಂತರ ಜೀವನಪರ್ಯಂತ ಪಾಲಿಸತಕ್ಕ ನಿಯತವಾದ ದೈಹಿಕ ಚಟುವಟಿಕೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಅನ್ನು ಮಹಾಮಾರಿಯೆಂದು ಸಾರಿದ ಬಳಿಕ, ಅದೇ ತಿಂಗಳ 25ರಿಂದ ಭಾರತದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದು ಉದ್ಯಾನ, ಜಿಮ್, ಮೈದಾನಗಳು ಮುಚ್ಚಲು, ಈ ನಿಯಮವನ್ನು ನಡೆಸಿಕೊಂಡು ಹೋಗುವ ಬಗೆ ಎಂತೆಂಬುದು ವೈದ್ಯರಿಗೂ ಚಿಕಿತ್ಸಿತರಿಗೂ ಹೊಸ ಪ್ರಶ್ನೆಯಾಯಿತು.

ಜಠರ ಬೈಪಾಸ್ ವಿಧಾನವನ್ನು 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಪ್ರಾರಂಭಿಸಿದನು. ಇಂದು ಹೆಚ್ಚು ರೂಢಿಯಲ್ಲಿರುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ತೆಗೆದು, ಉಳಿದುದನ್ನು ಕೊಳವೆಯ ಆಕಾರಕ್ಕೆ ತರುತ್ತಾರೆ. ಆಹಾರ ಮಿತವಾಗಿ ತೂಕ ಶೀಘ್ರವಾಗಿ ಇಳಿಯುವುದಾದರೂ, ಇಳಿಯುವ ತೂಕವೆಲ್ಲವೂ ಮೇದಸ್ಸಿನದಲ್ಲ. ಅದರೊಡನೆ ಸ್ನಾಯುವೂ ಕ್ಷಯಿಸುತ್ತದೆ, ಅಸ್ಥಿಗಳ ಸಾಂದ್ರತೆಯೂ ಕುಗ್ಗುತ್ತದೆ. ಈ ಹಾನಿಯನ್ನು ತಡೆಯುವುದೂ, ಕಾಲಾಂತರದಲ್ಲಿ ತೂಕ ಮರಳಿ ಏರದಂತೆ ನೋಡಿಕೊಳ್ಳುವುದೂ ವ್ಯಾಯಾಮದ ಮುಖ್ಯ ಪ್ರಯೋಜನಗಳು.

ಶಸ್ತ್ರಕ್ರಿಯೆಯಾದ ದಿನ ಅಥವಾ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುವುದು ವಾಡಿಕೆ; ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದರಿಂದ ತಗ್ಗುತ್ತದೆ. ಮೊದಲ ನಾಲ್ಕರಿಂದ ಆರು ವಾರಗಳಲ್ಲಿ ಭಾರ ಎತ್ತಕೂಡದು, ಉದರದ ಮೇಲೆ ಒತ್ತಡ ತರುವ ಆಸನಗಳನ್ನು ಮಾಡಕೂಡದು. ನಡಿಗೆಯನ್ನು ಮಾತ್ರ ದಿನದಿನಕ್ಕೆ ಕೊಂಚಕೊಂಚವಾಗಿ ಹೆಚ್ಚಿಸತಕ್ಕದ್ದು. ಅನಂತರ ವೈದ್ಯರ ಅನುಮತಿ ಪಡೆದು ಸ್ನಾಯುಬಲದ ಅಭ್ಯಾಸಗಳನ್ನು ಆರಂಭಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲಿ, ಮಹಾಮಾರಿಯ ನಡುವೆಯೇ, ಪ್ರಕಟಿಸಿದ ಸೂತ್ರದಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವೂ, ಕನಿಷ್ಠ ಎರಡು ದಿನ ಸ್ನಾಯುಬಲದ ಅಭ್ಯಾಸವೂ ಅವಶ್ಯಕ.

ಲಾಕ್‌ಡೌನಿನಲ್ಲಿ ನಗರವಾಸಿಗಳು ಮಾಳಿಗೆ, ಮೆಟ್ಟಿಲು, ಪಡಸಾಲೆಗಳನ್ನೇ ವ್ಯಾಯಾಮಶಾಲೆಯಾಗಿ ಮಾಡಿಕೊಂಡರು. 2020ರ ಜೂನ್ 21ರ ಯೋಗ ದಿನವನ್ನೂ ಮನೆಯಲ್ಲಿ ಕುಟುಂಬದೊಡನೆ ಆಚರಿಸುವಂತೆ ಕರೆಕೊಡಲಾಯಿತು. ಜಿಮ್‌ಗಳು ಮತ್ತೆ ತೆರೆದದ್ದು ಆಗಸ್ಟ್ 5ರ ಅನಂತರ. ಗ್ರಾಮಾಂತರದ ಸ್ಥಿತಿ ಬೇರೆಯಾಗಿತ್ತು. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂತಹ ಊರಿನಲ್ಲಿ ಜಿಮ್ ಮುಚ್ಚಿತೆಂಬುದು ದೊಡ್ಡ ನಷ್ಟವಲ್ಲ. ಕೃಷಿಕಾರ್ಯಕ್ಕೆ ಮಾರ್ಚ್ ತಿಂಗಳಲ್ಲಿಯೇ ವಿನಾಯಿತಿ ದೊರೆತುದರಿಂದ ಹೊಲದ ಹಾದಿಯೂ ಕಟ್ಟಿಹೋಗಲಿಲ್ಲ. ಮುಂಗಾರಿಗೆ ಮುನ್ನ ಹೊಲ ಹಸನುಮಾಡುವುದು, ಭತ್ತವನ್ನು ಕೂರಿಗೆಯಿಂದ ಬಿತ್ತುವುದು, ಗೋವಿನಜೋಳದ ಕಳೆ ತೆಗೆಯುವುದು ಈ ಅರೆಮಲೆನಾಡಿನ ಕಾಲಕ್ರಮದಂತೆ ನಡೆಯತಕ್ಕ ಕೆಲಸಗಳು.

ಆದರೆ ದುಡಿಮೆ ಬೇರೆ, ವ್ಯಾಯಾಮ ಬೇರೆ. ವ್ಯಾಯಾಮಕ್ಕೆ ಪ್ರಮಾಣವುಂಟು, ದುಡಿಮೆಗೆ ಅದಿಲ್ಲ. ಹನ್ನೆರಡು ಲೀಟರಿನ ಕೊಡ ತುಂಬಿದರೆ ಹನ್ನೆರಡು ಕಿಲೋಗ್ರಾಮಿಗೂ ಮಿಗಿಲಾಗುತ್ತದೆ, ಯೂರಿಯಾ ಚೀಲ 45 ಕಿಲೋಗ್ರಾಮು ತೂಗುತ್ತದೆ. ಹೊಲಿಗೆ ಮಾಯದ ಹೊಟ್ಟೆಗೆ ಇವು ಹರ್ನಿಯಾದಂತಹ ಉಪದ್ರವವನ್ನು ತರಬಲ್ಲವು. ಇನ್ನೊಂದೆಡೆ, ಬಿತ್ತಿಗೆ ಮತ್ತು ಸುಗ್ಗಿಗಳಲ್ಲಿ ಮೈಮುರಿಯುವಷ್ಟಿರುವ ಕೆಲಸ ಉಳಿದ ತಿಂಗಳುಗಳಲ್ಲಿ ಕಟ್ಟೆಯ ಮೇಲಿನ ಹರಟೆಯಾಗಿ ಬಿಡುವುದುಂಟು. ಗರಡಿಮನೆಯ ಉಸ್ತಾದರು ಹೊಸಬನ ಕೈಗೆ ಮೊದಲ ದಿನವೇ ಭಾರವಾದ ಸಂಗ್ರಾಣಿಕಲ್ಲನ್ನು ಕೊಡುವುದಿಲ್ಲ. ಚಿಕಿತ್ಸಿತನಿಗೂ ಅದೇ ವಿವೇಕ ಸಲ್ಲುತ್ತದೆ. ಬೆಳಗಿನ ತಂಪಿನಲ್ಲಿ ಹೊಲದ ಬದುವಿನ ಮೇಲೆ ಅರ್ಧ ತಾಸಿನ ನಡಿಗೆ, ಗೋಡೆಗೆ ಕೈಯೂರಿ ಮಾಡುವ ದಂಡ, ಕಟ್ಟೆಯ ಮೇಲೆ ಕುಳಿತು ಏಳುವ ಬೈಠಕ್, ಒಂದು ಲೀಟರಿನ ನೀರುತುಂಬಿದ ಬಾಟಲಿಯನ್ನು ಎತ್ತಿ ಇಳಿಸುವುದು, ಇವಿಷ್ಟನ್ನು ವರುಷವಿಡೀ ಬಿಡದೆ ನಡೆಸಿದರೆ ಸಾಕು.

ಶ್ರಮಕ್ಕೆ ತಕ್ಕ ಆಹಾರವೂ ಬೇಕು. ದಿನಕ್ಕೆ 60ರಿಂದ 80 ಗ್ರಾಮ್ ಪ್ರೋಟೀನ್ ಸೇವಿಸಬೇಕೆಂಬುದು ಸಾಮಾನ್ಯ ಸೂಚನೆ. ಒಂದು ಊಟದಲ್ಲಿ ಹಿಡಿಯುವುದು ಅಲ್ಪವಾದುದರಿಂದ ರೊಟ್ಟಿಗಿಂತ ಮೊದಲು ಮಡಕಿಕಾಳಿನ ಪಲ್ಯ, ಜುಣಕ, ಮೊಸರು, ಮೊಟ್ಟೆಗಳಿಗೆ ಪ್ರಾಶಸ್ತ್ಯ ಸಲ್ಲಬೇಕು. ನೀರನ್ನು ಊಟದೊಡನೆ ಕುಡಿಯದೆ, ನಡುನಡುವೆ ಗುಟುಕುಗುಟುಕಾಗಿ ಸೇವಿಸತಕ್ಕದ್ದು. ಬಿಸಿಲಿನಲ್ಲಿ ದುಡಿಯುವವರು ಒಂದೇ ಉಸಿರಿಗೆ ಚೊಂಬು ಬರಿದುಮಾಡುವ ರೂಢಿಯನ್ನು ಬಿಡಬೇಕಾಗುತ್ತದೆ. ಬಿ12, ಡಿ ಜೀವಸತ್ವಗಳನ್ನೂ ಕಬ್ಬಿಣ, ಕ್ಯಾಲ್ಸಿಯಂಗಳನ್ನೂ ವೈದ್ಯರು ಸೂಚಿಸಿದಂತೆ ತಪ್ಪದೆ ಸೇವಿಸುವುದು ಅಗತ್ಯ.

ಕೋವಿಡ್ ತಗಲಿದವರು ಗುಣಮುಖರಾಗುವ ತನಕ ವಿಶ್ರಮಿಸಿ, ಅನಂತರ ಕಡಮೆ ಶ್ರಮದಿಂದ ಪುನಃ ತೊಡಗಬೇಕು. ಎದೆನೋವು, ಏದುಸಿರು, ತಲೆಸುತ್ತು ಕಂಡರೆ ಒಡನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಪ್ರಯಾಣ ದುಸ್ತರವಾಗಿದ್ದ ಆ ದಿನಗಳಲ್ಲಿ ದೂರದಿಂದಲೇ ವೈದ್ಯಸಲಹೆ ಪಡೆಯಲು 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಗಳೂ, ಇ-ಸಂಜೀವಿನಿ ಸೇವೆಯೂ ದಾರಿಮಾಡಿಕೊಟ್ಟವು. ಜಾಗತಿಕ ಆರೋಗ್ಯ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಘೋಷಣೆಯಾದರೂ ಆಗ ಕಲಿತ ಈ ಕ್ರಮ ನಿರುಪಯೋಗಿಯಾಗಲಿಲ್ಲ. ದವಾಖಾನೆಗೂ ಜಿಮ್‌ಗೂ ದೂರವಿರುವ ಹಳ್ಳಿಯಲ್ಲಿ ಬದುವಿನ ನಡಿಗೆಯೂ ಕಟ್ಟೆಯ ಬೈಠಕ್ಕೂ ಎಂದಿಗೂ ಕೈಗೆಟುಕುವಂತಹವು.