ಬೆತ್ತಲೆ ರಾಜ ಮತ್ತು ಕುದುರೆಯಾಳು
ರಾಜನ ಮೈಮೇಲೆ ಬಟ್ಟೆಯೇ ಇಲ್ಲವೆಂದು ಕೂಗಿದ ಮಗು ನಮಗೆಲ್ಲ ಗೊತ್ತು. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಈ ಕಥೆ ಪ್ರಕಟಿಸಿದರು. ಮಗುವಿನ ಮಾತು ಸೇರಿದ್ದು ಅಚ್ಚಿನ ಕರಡು ತಿದ್ದುವಾಗ. ಅವರಿಗೆ ಆಧಾರವಾದದ್ದು 1335ರಲ್ಲಿ ಸ್ಪೇನಿನ ಡಾನ್ ಹುವಾನ್ ಮನುವೆಲ್ ಬರೆದ ಕಥೆ. ಅಲ್ಲಿ ಮಗುವೇ ಇಲ್ಲ. ಯಾರು ತನ್ನ ತಂದೆಗೆ ಹುಟ್ಟಿದವನಲ್ಲವೋ ಅವನಿಗೆ ಆ ಬಟ್ಟೆ ಕಾಣದು ಎಂದು ವಂಚಕರು ಹೇಳಿರುತ್ತಾರೆ. ಮಾನ, ಅಧಿಕಾರ ಹೋದೀತೆಂದು ಎಲ್ಲರೂ ಬಟ್ಟೆಯನ್ನು ಹೊಗಳುತ್ತಾರೆ. ನಿಜ ಹೇಳುವವನು ರಾಜನ ಕುದುರೆ ನೋಡಿಕೊಳ್ಳುವ ಕಪ್ಪು ಆಳು. ಕಳೆದುಕೊಳ್ಳಲು ಅವನಿಗೇನೂ ಇಲ್ಲ.

ಪ್ರಾಜೆಕ್ಟ್ ಮ್ಯಾನೇಜರ್ ಆದ ನನ್ನನ್ನು ಕಾಡುವವನು ಈ ಆಳು. ರಿವ್ಯೂ ಮೀಟಿಂಗಿನಲ್ಲಿ ‘ಎಲ್ಲ ಸರಿಯಿದೆ’ ಎನ್ನುವವರ ತಲೆಯ ಮೇಲೆ ಮನೆಸಾಲದ ಕಂತಿದೆ. ಅವರಿಗೆ ಧೈರ್ಯದ ಪಾಠ ಹೇಳುವುದು ಸುಲಭ. ನಿಜ ಹೇಳಿದರೂ ಕೆಲಸ ಹೋಗದೆಂಬ ಭರವಸೆ ಕೊಡಬೇಕಾದವರು ನಾವು, ಮೇಜಿನ ಈಚೆಯವರು.