ಒಂದು ಹಿಡಿ ಎಂದರೆ ಎಷ್ಟು? ಸೌತ್‌ಹಾಲ್, ಉಪ್ಪು ಮತ್ತು ಹುರಿದ ಬೀಜಗಳು

ಜನವರಿ ಎರಡನೇ ವಾರ ಸೌತ್‌ಹಾಲ್ ಬ್ರಾಡ್‌ವೇ ಕಡೆ ಹೋಗಿ ನೋಡಿ. ಅಂಗಡಿಗಳಲ್ಲಿ ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ರಾಶಿ ಬಿದ್ದಿರುತ್ತೆ. ಪಂಜಾಬಿಗಳ ಲೋಹ್ರಿ ಹಬ್ಬಕ್ಕೆ ಅದು ಬೇಕೇ ಬೇಕು. ಬೆಂಕಿಯ ಸುತ್ತ ನಿಂತು ಮೂಂಗ್‌ಫಲಿ, ರೇವಡಿ, ಗಜಕ್ ಹಂಚಿಕೊಂಡು ತಿನ್ನುತ್ತಾರೆ. ಅದರ ಬೆನ್ನಿಗೇ ನಮ್ಮ ಸಂಕ್ರಾಂತಿ. ಹಾಗಾಗಿ ಸ್ಲೌ, ಹೌನ್ಸ್ಲೋ, ಹ್ಯಾರೋ ಕಡೆಯ ಕನ್ನಡದ ಮನೆಯವರೂ ಅದೇ ವಾರ ಅದೇ ಅಂಗಡಿಗಳಲ್ಲಿ ಎಳ್ಳು, ಹುರಿಗಡಲೆ, ಕೊಬ್ಬರಿ, ಬೆಲ್ಲ ಹುಡುಕುತ್ತಿರುತ್ತಾರೆ.

ಅಲ್ಲೇ ಪಕ್ಕದ ಶೆಲ್ಫಿನಲ್ಲಿ ಇನ್ನೊಂದು ಸಾಮಾನು ಇರುತ್ತೆ: ಎಣ್ಣೆ ಹಾಕದೆ ಹುರಿದು, ಉಪ್ಪು ಹಚ್ಚಿದ ಮಿಶ್ರ ಬೀಜಗಳ ಪೊಟ್ಟಣ. ಗೋಡಂಬಿ, ಬಾದಾಮಿ, ಕಡಲೆಬೀಜ ಎಲ್ಲ ಸೇರಿದ್ದು. ಬ್ರಿಟನ್ನಿನ ಟ್ರಾಫಿಕ್ ಲೈಟ್ ಲೇಬಲ್ ಇದ್ದರೆ ಕೊಬ್ಬಿನ ಜಾಗದಲ್ಲಿ ಕೆಂಪು ಬಣ್ಣ ಖಚಿತ. 100 ಗ್ರಾಂನಲ್ಲಿ 17.5 ಗ್ರಾಂಗಿಂತ ಹೆಚ್ಚು ಕೊಬ್ಬಿದ್ದರೆ ಕೆಂಪು. ಇದರಲ್ಲಿ 50 ಗ್ರಾಂ ಆಸುಪಾಸು ಇರುತ್ತೆ. ಮನೆಯಲ್ಲಿ ಅಮ್ಮ "ದಿನಾ ನಾಲ್ಕು ಬಾದಾಮಿ ತಿನ್ನು, ಬುದ್ಧಿ ಚುರುಕಾಗುತ್ತೆ" ಅಂತಾರೆ, ಪೊಟ್ಟಣ ಕೆಂಪು ದೀಪ ತೋರಿಸುತ್ತೆ. ಯಾರ ಮಾತು ಕೇಳೋದು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಮತ್ತೆ ಸೌತ್‌ಹಾಲ್‌ಗೇ ಬಂದು ನಿಲ್ಲುತ್ತೇವೆ. ಆದರೆ ಮೊದಲು ಸ್ವಲ್ಪ ಹಿಂದೆ ಹೋಗಬೇಕು.

ಇಂಗ್ಲಿಷಿನ 'ನಟ್ಸ್' ಅನ್ನೋದಕ್ಕೆ ಕನ್ನಡದಲ್ಲಿ ಸರಿಯಾದ ಒಂದೇ ಪದ ಇಲ್ಲ. ನಮಗೆ ಪ್ರತಿಯೊಂದೂ ಬೇರೆ ಬೇರೆ, ಬಂದ ದಾರಿಯೂ ಬೇರೆ. ಬಾದಾಮಿ ಪರ್ಷಿಯನ್ ಹೆಸರು ಹೊತ್ತು ಬಂತು. ಗೇರು ಬ್ರೆಜಿಲಿನ ಮರ; ಪೋರ್ಚುಗೀಸರು ತಂದಿದ್ದು, ಈಗ ಮಂಗಳೂರಿನ ಹೆಸರಿಗೇ ಅಂಟಿಕೊಂಡಿದೆ. ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ. ಅದು ಬಂದಾಗ ನಮ್ಮವರಿಗೆ ಕಡಲೆ ಗೊತ್ತಿತ್ತು. ನೆಲದಡಿ ಕಾಯಿ ಬಿಡುವ ಈ ಹೊಸಬನನ್ನು 'ನೆಲಗಡಲೆ' ಅಂದರು. ಉತ್ತರ ಕರ್ನಾಟಕದವರು ಮರಾಠಿಯವರ ಹಾಗೆ 'ಶೇಂಗಾ' ಅಂದರು. ಕಡಲೆಗೆ ಹೋಲಿಸಿದ್ದು ತಪ್ಪೇನಲ್ಲ. ಸಸ್ಯಶಾಸ್ತ್ರದ ಪ್ರಕಾರವೂ ಅದು ಬೇಳೆಕಾಳುಗಳ ಕುಟುಂಬಕ್ಕೇ ಸೇರಿದ್ದು.

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಬೆಳೆ ತಿಂದುಹೋಗುತ್ತಿದ್ದ ಬಸವನನ್ನು ಶಾಂತಗೊಳಿಸಲು ಮೊದಲ ಫಸಲು ಅರ್ಪಿಸಿದ ರೈತರ ಕಥೆ ನೀವು ಕೇಳಿರಬಹುದು. ದೇವಸ್ಥಾನ ಕಟ್ಟಿಸಿದ್ದು ಕೆಂಪೇಗೌಡ, 1537ರಲ್ಲಿ ಅಂತ ಹೇಳುವ ವಾಡಿಕೆ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಷ್ಟರೊಳಗೆ ಅಮೆರಿಕದ ಬೆಳೆಯೊಂದು ಸುಂಕೇನಹಳ್ಳಿಯ ಹೊಲದವರೆಗೆ ಬಂದಿತ್ತು ಅಂದರೆ ನನಗೆ ನಂಬೋದು ಕಷ್ಟ. ಪೂಜೆ ಹಳೆಯದು, ಕಡಲೆಕಾಯಿ ಆಮೇಲೆ ಬಂದು ಕಥೆಯೊಳಗೆ ಸೇರಿಕೊಂಡಿತು ಅಂತ ನನ್ನ ಲೆಕ್ಕ. ಇಲ್ಲಿ ನಮಗೆ ಮುಖ್ಯವಾದದ್ದು ಪರಿಷೆಯಲ್ಲಿ ಅದನ್ನು ತಿನ್ನುವ ರೀತಿ. ಬಾಣಲೆಯ ಬಿಸಿ ಮರಳಿನಲ್ಲಿ ಸಿಪ್ಪೆ ಸಮೇತ ಹುರಿದು, ಕಾಗದದ ಪೊಟ್ಟಣದಲ್ಲಿ ಕೊಡ್ತಾರೆ. ಒಂದೊಂದೇ ಒಡೆದು ತಿನ್ನಬೇಕು. ಬೆರಳಿಗೂ ಬಾಯಿಗೂ ನಡುವೆ ಹೊತ್ತು ಹಿಡಿಯುತ್ತೆ. ಎಷ್ಟು ತಿಂದೆವು ಅನ್ನೋದಕ್ಕೆ ಕಾಲ ಬುಡದಲ್ಲಿ ಬಿದ್ದ ಸಿಪ್ಪೆಯೇ ಸಾಕ್ಷಿ.

ಸೌತ್‌ಹಾಲ್ ಕಥೆ ಶುರುವಾಗೋದು ಕಾರ್ಖಾನೆಗಳಿಂದ. 1950ರ ದಶಕದಲ್ಲಿ ವುಲ್ಫ್ ರಬ್ಬರ್ ಕಾರ್ಖಾನೆಯಂಥ ಕಡೆ ಕೆಲಸಕ್ಕೆಂದು ಪಂಜಾಬಿನ ಗಂಡಸರು ಬಂದರು. ಆಮೇಲೆ ಕುಟುಂಬಗಳು, ಅವರ ಹಿಂದೆ ಅಂಗಡಿಗಳು. 1970ರ ದಶಕದಲ್ಲಿ ಮುಂಬೈಯ ಮಿಠಾಯಿ ವ್ಯಾಪಾರಿ ಕುಟುಂಬದ ಗುಲಾಂ ನೂನ್ ಇಲ್ಲಿ ರಾಯಲ್ ಸ್ವೀಟ್ಸ್ ಶುರುಮಾಡಿದರು. ಮುಂದೆ ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳಿಗೇ ಭಾರತೀಯ ಅಡುಗೆ ಸಿದ್ಧಮಾಡಿ ಕೊಟ್ಟರು. ಮಿಕ್ಸ್ಚರ್ 'ಬಾಂಬೆ ಮಿಕ್ಸ್' ಆಗಿ ಇಂಗ್ಲಿಷರ ಬಾಯಿಗೂ ಹತ್ತಿತು. ಸೌತ್ ರೋಡಿನಲ್ಲಿ ಗ್ಲಾಸಿ ಜಂಕ್ಷನ್ ಅನ್ನೋ ಪಬ್ ಇತ್ತು, ರೂಪಾಯಿ ಕೊಟ್ಟರೂ ಬಿಯರ್ ಸಿಗುತ್ತಿತ್ತು! ಪಬ್ಬುಗಳ ಉಪ್ಪುಕಡಲೆಯ ಅಭ್ಯಾಸ ಮತ್ತು ನಮ್ಮ ಚಹಾದ ಹೊತ್ತಿನ ಕುರುಕಲಿನ ಅಭ್ಯಾಸ, ಎರಡೂ ಈ ಊರಲ್ಲಿ ಕೂಡಿಕೊಂಡವು.

ಆದರೆ ಆ ಮೊದಲ ತಲೆಮಾರಿನ ಗಂಡಸರು ಹೃದಯಾಘಾತದಿಂದ ಬೇಗ ಹೋಗುತ್ತಿದ್ದರು. 1980ರ ದಶಕದ ಹೊತ್ತಿಗೆ ಅಂಕಿಅಂಶ ಸ್ಪಷ್ಟವಾಗಿತ್ತು: ಇಂಗ್ಲೆಂಡಿನಲ್ಲಿರುವ ದಕ್ಷಿಣ ಏಷ್ಯಾದವರಲ್ಲಿ ಹೃದ್ರೋಗದ ಸಾವು ದೇಶದ ಸರಾಸರಿಗಿಂತ ಸುಮಾರು ಶೇ. 40 ಹೆಚ್ಚು. ಎಲ್ಲರಿಗೂ ಹೊಳೆದ ಸುಲಭದ ಉತ್ತರ ಒಂದೇ, 'ನಿಮ್ಮ ಅಡುಗೆಯ ಜಿಡ್ಡು'. ಪಾಲ್ ಮೆಕೀಗ್ ಮತ್ತು ಸಂಗಡಿಗರು ವಾಯವ್ಯ ಲಂಡನ್ನಿನಲ್ಲಿ ಊಟ ಲೆಕ್ಕ ಹಾಕಿ 1985ರಲ್ಲಿ ಪ್ರಕಟಿಸಿದಾಗ ಆ ಉತ್ತರ ನಿಲ್ಲಲಿಲ್ಲ. ಗುಜರಾತಿಗಳೇ ಹೆಚ್ಚಿದ್ದ ಆ ಗುಂಪಿನವರು ಸ್ಯಾಚುರೇಟೆಡ್ ಕೊಬ್ಬನ್ನು ಬಿಳಿಯರಿಗಿಂತ ಹೆಚ್ಚೇನೂ ತಿನ್ನುತ್ತಿರಲಿಲ್ಲ.

ಆಮೇಲೆ ಬಂದದ್ದು ಸೌತ್‌ಹಾಲ್ ಅಧ್ಯಯನ. ಕಾರ್ಖಾನೆ ಕೆಲಸಗಾರರ ಮತ್ತು ಫ್ಯಾಮಿಲಿ ಡಾಕ್ಟರ್‌ಗಳ ಪಟ್ಟಿಗಳಿಂದ 40ರಿಂದ 69 ವಯಸ್ಸಿನ 3193 ಗಂಡಸರು, 561 ಹೆಂಗಸರನ್ನು ತಪಾಸಣೆ ಮಾಡಿದರು. ಏಷ್ಯಾದವರೂ ಯೂರೋಪಿನವರೂ ಅದರಲ್ಲಿದ್ದರು. ಮೆಕೀಗ್, ಶಾ ಮತ್ತು ಮೈಕಲ್ ಮಾರ್ಮಟ್ 1991ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು: ಯೂರೋಪಿನವರಲ್ಲಿ ಸಕ್ಕರೆ ಕಾಯಿಲೆ ಶೇ. 4, ದಕ್ಷಿಣ ಏಷ್ಯಾದವರಲ್ಲಿ ಶೇ. 19. ಹೊಟ್ಟೆಯ ಸುತ್ತ ಸೇರುವ ಬೊಜ್ಜು, ಇನ್ಸುಲಿನ್‌ಗೆ ಮೈ ಸ್ಪಂದಿಸದಿರುವುದು, ಏರಿದ ಟ್ರೈಗ್ಲಿಸರೈಡ್, ಹೆಚ್ಚಿನ ರಕ್ತದೊತ್ತಡ, ಎಲ್ಲ ಒಂದೇ ಹಗ್ಗದ ಎಳೆಗಳು. ಈ ಜನರನ್ನು 'ಸೇಬರ್' ಹೆಸರಿನ ಅಧ್ಯಯನ ಎರಡು ದಶಕಕ್ಕೂ ಮಿಕ್ಕಿ ಹಿಂಬಾಲಿಸಿತು. ಇವತ್ತು ಡಾಕ್ಟರು ನಮ್ಮ ಸೊಂಟದ ಸುತ್ತಳತೆಯ ಬಗ್ಗೆ ಅಷ್ಟೊಂದು ಕೇಳುತ್ತಾರಲ್ಲ, ಅದರ ಹಿಂದೆ ಈ ಊರಿನ ಕೆಲಸಗಾರರು ಕೊಟ್ಟ ರಕ್ತದ ಹನಿಗಳಿವೆ.

ಈಗ ಪೊಟ್ಟಣಕ್ಕೆ ಬರೋಣ. 1992ರಲ್ಲಿ ಕ್ಯಾಲಿಫೋರ್ನಿಯಾದ ಅಡ್ವೆಂಟಿಸ್ಟ್ ಕ್ರೈಸ್ತರ ಅಧ್ಯಯನದಲ್ಲಿ, ವಾರಕ್ಕೆ ನಾಲ್ಕಕ್ಕೂ ಹೆಚ್ಚು ಸಲ ಬೀಜ ತಿನ್ನುವವರಿಗೆ ಹೃದ್ರೋಗದ ಅಪಾಯ ಅಪರೂಪಕ್ಕೆ ತಿನ್ನುವವರ ಅರ್ಧದಷ್ಟೇ ಇತ್ತು. ಸ್ಪೇನಿನ ಪ್ರೆಡಿಮೆಡ್ ಪ್ರಯೋಗದಲ್ಲಿ ದಿನಕ್ಕೆ 30 ಗ್ರಾಂ ಮಿಶ್ರ ಬೀಜ ಕೊಟ್ಟರು, ಲಾಭ ಕಂಡಿತು. (ಅದರ ಮೊದಲ ವರದಿಯಲ್ಲಿ ದೋಷವಿದ್ದು ಹಿಂತೆಗೆದುಕೊಂಡರು, 2018ರಲ್ಲಿ ತಿದ್ದಿ ಮತ್ತೆ ಪ್ರಕಟಿಸಿದರು.) ಅಮೆರಿಕ ಸರ್ಕಾರ 2003ರಲ್ಲಿ ಬೀಜಗಳು ಹೃದಯಕ್ಕೆ ಒಳ್ಳೆಯದಿರಬಹುದು ಅಂತ ಪೊಟ್ಟಣದ ಮೇಲೆ ಹಾಕಲು ಒಪ್ಪಿತು. ಆ ಪಟ್ಟಿಯಲ್ಲಿ ಕಡಲೆಬೀಜ ಇದೆ, ನಮ್ಮ ಗೋಡಂಬಿ ಇಲ್ಲ! ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಸ್ವಲ್ಪ ಜಾಸ್ತಿ. ಮಂಗಳೂರಿನವರು ಬೇಜಾರು ಮಾಡ್ಕೋಬೇಡಿ.

30 ಗ್ರಾಂ ಅಂದರೆ ಸಣ್ಣದೊಂದು ಹಿಡಿ: ಸುಮಾರು 180 ಕ್ಯಾಲೊರಿ, 15 ಗ್ರಾಂ ಕೊಬ್ಬು, 5 ಗ್ರಾಂ ಪ್ರೋಟೀನ್, ಎರಡೂವರೆ ಗ್ರಾಂ ನಾರು, ಒಳ್ಳೆಯ ಪ್ರಮಾಣದ ಮೆಗ್ನೀಷಿಯಂ. ಕೊಬ್ಬಿನಲ್ಲಿ ಬಹುಪಾಲು ಸ್ಯಾಚುರೇಟೆಡ್ ಅಲ್ಲದ್ದು. ಪಿಷ್ಟ ಕಡಿಮೆ, ರಕ್ತದ ಸಕ್ಕರೆ ಏರುವುದೂ ಕಡಿಮೆ. ಸೌತ್‌ಹಾಲ್ ಅಧ್ಯಯನ ತೋರಿಸಿದ ತೊಂದರೆಗೆ ಇದು ಕರಿದ ಸೇವಿಗಿಂತ ಎಷ್ಟೋ ವಾಸಿ. ಹುರಿದಾಗ ಬಿ1 ಜೀವಸತ್ವ ಸ್ವಲ್ಪ ಹಾಳಾಗುತ್ತೆ, ಖನಿಜಾಂಶ ಹಾಗೇ ಉಳಿಯುತ್ತೆ. ಉಪ್ಪು? 100 ಗ್ರಾಂಗೆ ಒಂದೂವರೆ ಗ್ರಾಂ ಇದ್ದರೂ ಒಂದು ಹಿಡಿಗೆ ಅರ್ಧ ಗ್ರಾಂ ಮುಟ್ಟಲ್ಲ, ಹೆಚ್ಚುಕಡಿಮೆ ಒಂದು ಸ್ಲೈಸ್ ಬ್ರೆಡ್ಡಿನಷ್ಟು. ದಿನದ ಮಿತಿ 6 ಗ್ರಾಂ. ಉಪ್ಪು ಮೇಲ್ಮೈ ಮೇಲೇ ಇರೋದರಿಂದ ನಾಲಿಗೆಗೆ ತಟ್ಟನೆ ತಾಗುತ್ತೆ, ಬ್ರೆಡ್ಡಿನಲ್ಲಿ ಅಡಗಿ ಕೂತಿರುತ್ತೆ.

ಹಾಗಾದರೆ ಉಪ್ಪಿಗೆ ಪೂರ್ತಿ ಮಾಫಿಯೇ? ಅಲ್ಲ. ಆ ತಟ್ಟನೆ ತಾಗುವ ರುಚಿಯೇ ಕೈಯನ್ನು ಮತ್ತೆ ಪೊಟ್ಟಣದೊಳಗೆ ಕಳಿಸೋದು. ಸಿಪ್ಪೆ ಇಲ್ಲ, ತಡೆ ಇಲ್ಲ. ಟಿವಿ ಮುಂದೆ ಕೂತರೆ 200 ಗ್ರಾಂ ಮುಗಿದದ್ದೇ ಗೊತ್ತಾಗಲ್ಲ. ಆಗ ಅದು 1200 ಕ್ಯಾಲೊರಿ, 3 ಗ್ರಾಂ ಉಪ್ಪು. ರಕ್ತದೊತ್ತಡ ಇರುವ ಅಪ್ಪನಿಗೆ ದಿನದ ಅರ್ಧ ಪಾಲು.

ನಾನು ಈಚೆಗೆ ಸೌತ್‌ಹಾಲ್‌ನಿಂದ ತರುವುದು ಹಸಿ ಕಡಲೆಬೀಜ, ಸಿಪ್ಪೆಯ ಕಡಲೆಕಾಯಿ. ಎಳ್ಳುಬೆಲ್ಲಕ್ಕೆ ಬೀಜ ಹುರಿಯೋದು ಗೊತ್ತಲ್ಲ? ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈಯಾಡಿಸುತ್ತಲೇ ಇರಬೇಕು. ಆರಿದ ಮೇಲೆ ಎರಡು ಅಂಗೈ ನಡುವೆ ಉಜ್ಜಿ, ಮೊರ ಇಲ್ಲದಿದ್ದರೆ ತಟ್ಟೆಯಲ್ಲೇ ಕೇರಿ, ಆ ಕೆಂಪು ಹೊಟ್ಟನ್ನು ಬಾಲ್ಕನಿಯಲ್ಲಿ ಊದಬೇಕು. ಗಾಳಿಯ ದಿಕ್ಕು ನೋಡಿಕೊಳ್ಳಿ, ಪಕ್ಕದ ಮನೆಯವರ ಬಟ್ಟೆ ಒಣಗ್ತಿರುತ್ತೆ.